ಮೆಸ್ಸಿನ ಅಕ್ಕನ ದವಡೆ

ಮೊನ್ನೆ ಹಲ್ಲು ತೋರಿಸಲು ಹೋದಾಗ ಲವಂಗದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಚಂದಾಪುರದ ಮೆಸ್ಸಿನ ಅಕ್ಕ ನೆನಪಾದರು...

ಆಗ ನಾನು ಅತ್ತಿಬೆಲೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ವಾಸ ಅಕ್ಕನ ಮೆಸ್ಸಿನ ಮೇಲಿನ ಕೋಣೆಯಲ್ಲಿ, ಊಟ ಅವರಲ್ಲೇ. ಒಂದು ಬೇಸಿಗೆಯಲ್ಲಿ ಅವರ ಎಡದವಡೆ ಊದತೊಡಗಿತು. ನೋವಿರಲಿಲ್ಲ. ಬೀದಿಯ ಹಲ್ಲಿನ ಡಾಕ್ಟರು ಒಂದು ಎಕ್ಸ್‌ರೇ ಕೂಡ ತೆಗೆಸದೆ, ಹುಳುಕೆಂದು ಹಲ್ಲು ಕಿತ್ತರು. ಊತ ಇಳಿಯದಿದ್ದಾಗ ಪಕ್ಕದ್ದನ್ನೂ ಕಿತ್ತರು. ಎರಡು ವರ್ಷ ಮಾತ್ರೆ ನುಂಗಿಸಿದರು. ಕಿತ್ತ ಜಾಗದಲ್ಲಿ ಕೀವಾಯಿತು. ಅಕ್ಕ ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿ ಕಚ್ಚಿಕೊಂಡೇ ಬಡಿಸುತ್ತಿದ್ದರು. ಬಾಗಿದರೆ ಅದನ್ನೂ ಮೀರಿ ಕೊಳೆತ ವಾಸನೆ...

ಕ್ಯಾನ್ಸರಂತೆ, ಅಂಟುತ್ತದಂತೆ ಎಂದು ಊಟಕ್ಕೆ ಬರುವವರು ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ. ಅದಕ್ಕಿಂತ ಹೇಸಿಗೆಯ ಕೆಲಸ ಮಾಡಿದೆ. ಊಟವನ್ನು ಡಬ್ಬಿಗೆ ಹಾಕಿಸಿಕೊಂಡು ಕೋಣೆಗೆ ಒಯ್ದು, ಹಿಂದಿನ ಮೋರಿಗೆ ಸುರಿದು, ಡಬ್ಬಿ ತೊಳೆದು, ಸಾರು ಚೆನ್ನಾಗಿತ್ತು ಎನ್ನುತ್ತಾ ಕೊಡುತ್ತಿದ್ದೆ. ಒಂದು ದಿನ ಅಕ್ಕ ಡಬ್ಬಿ ತೆಗೆದುಕೊಳ್ಳುವಾಗ ನನ್ನ ಮುಖ ನೋಡದೆ ಹೇಳಿದರು:

"ಚೆಲ್ಲೋದಾದ್ರೆ ಬೇಡ ಅಂದ್ಬಿಡು ಮಗಾ. ನಂಗೂ ಗೊತ್ತಾಗ್ತದೆ ವಾಸ್ನೆ."

ಕರುಣೆ ಎಂದು ಹೇಳಿಕೊಳ್ಳಲಾರೆ. ನಾಚಿಕೆ ತಡೆಯಲಾಗದೆ ಅವರನ್ನು ನಗರದ ದಂತ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದೆ. ಎಕ್ಸ್‌ರೇಯಲ್ಲಿ ದವಡೆಯ ಮೂಳೆ ಸೋಪಿನ ನೊರೆಯಂತೆ ಗುಳ್ಳೆಗುಳ್ಳೆಯಾಗಿ ಕಂಡಿತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಅಲ್ಲಿನ ವೈದ್ಯೆ ಬಿಡಿಸಿ ಹೇಳಿದರು. ಇದು ಕ್ಯಾನ್ಸರ್ ಅಲ್ಲ, ಹಲ್ಲು ಕಟ್ಟುವ ಜೀವಕೋಶಗಳಿಂದಲೇ ಹುಟ್ಟುವ ಅಪರೂಪದ ಗಡ್ಡೆ. ಮೈಯೆಲ್ಲ ಹಬ್ಬುವಂಥದ್ದಲ್ಲವಾದರೂ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ. ಕೆರೆದು ತೆಗೆದರೆ ಮತ್ತೆ ಬರುವುದೇ ಹೆಚ್ಚು, ಹಾಗಾಗಿ ಸುತ್ತಲಿನ ಒಳ್ಳೆಯ ಮೂಳೆಯನ್ನೂ ಸೇರಿಸಿ ಕತ್ತರಿಸಬೇಕು. ಮೊದಲೇ ಬಂದಿದ್ದರೆ ಚಿಕ್ಕ ತುಂಡು ಸಾಕಾಗುತ್ತಿತ್ತು ಎಂದರು.

ಅಕ್ಕ ಕೇಳಿದ್ದು ಒಂದೇ.

"ಇದು ಅಂಟಲ್ಲ ಅಲ್ವಾ ಮೇಡಂ? ಅದೊಂದನ್ನ ಇವನ ಮುಂದೇನೇ ಹೇಳ್ಬಿಡಿ."

ಎಡದವಡೆ ತೆಗೆದು ಆ ಜಾಗಕ್ಕೆ ಅವರದೇ ಕಾಲಿನ ಮೂಳೆಯ ತುಂಡು ಕೂರಿಸಿದರು. ಗಡ್ಡೆ ಮರಳಲಿಲ್ಲ. ಆದರೆ ಕೆಳತುಟಿ ಮರಗಟ್ಟಿ, ಅವರಿಗೇ ತಿಳಿಯದಂತೆ ಜೊಲ್ಲು ಸೋರುತ್ತಿತ್ತು. ಹೋದ ಗಿರಾಕಿಗಳು ತಿರುಗಿ ಬರಲಿಲ್ಲ. ಅಕ್ಕ ಮೆಸ್ಸು ಮುಚ್ಚಿ ತಂಗಿಯ ಊರಿಗೆ ಹೊರಟರು. ಹೋಗುವ ದಿನ ನನಗೊಬ್ಬನಿಗೇ ಎಲೆ ಹಾಕಿ ಬಡಿಸಿದರು. ಅಂಟುವುದಿಲ್ಲವೆಂದು ಗೊತ್ತಿದ್ದೂ ಮೂರು ತುತ್ತಿಗೆ ಎದ್ದು ಕೈ ತೊಳೆದೆ. ಅವರು ಎಲೆ ಮಡಚಿ ಎತ್ತಿಕೊಂಡರು...

ಹೋದ ವರ್ಷ ಅವರ ತಂಗಿ ಫೋನು ಮಾಡಿ, ಅಕ್ಕ ಜ್ವರ ಬಂದು ತೀರಿಕೊಂಡರೆಂದು ತಿಳಿಸಿದರು. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ. ಈಗ ಹೋದರೂ ಅಲ್ಲಿ ಅವರಿಲ್ಲ.