ಹೊಳಪು ತೆಗೆಯಲು ಹೋಗಿ

ಅಕ್ಕನ ಕೈ ನಡುಗಲು ಶುರುವಾಗಿ ಎರಡು ವರ್ಷವಾಗಿತ್ತು. ಆದರೂ ಕಳೆದ ದಸರೆಗೆ ಮುಂಚೆ ಹೆಬ್ಬೆರಳೆತ್ತರದ ಐದು ಮಣ್ಣಿನ ಗೊಂಬೆಗಳಿಗೆ ಬಣ್ಣ ಹಾಕಿ ಮುಗಿಸಿದಳು. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಅದುಮಿ ಹಿಡಿದು, ಮಾತ್ರೆಯ ಬಲವಿರುವಷ್ಟು ಹೊತ್ತು ಒಂದು ಹುಬ್ಬು, ಮರುದಿನ ಇನ್ನೊಂದು. ನಾವು ಚಿಕ್ಕವರಿದ್ದಾಗ ವಿಜಯವಾಡದ ಪಟಮಟ ಬಡಾವಣೆಯಲ್ಲಿ ಅಪ್ಪ ಬ್ಯಾಂಕಿಗೆ ಹೋಗಲು ಸಿಟಿ ಬಸ್ಸು ಕಾಯುತ್ತಿದ್ದ ದೃಶ್ಯ ಅದು. ಟಿಫಿನ್ ಡಬ್ಬಿ ಹಿಡಿದ ಅಪ್ಪ, ಅಮ್ಮ, ಹೂ ಮಾರುವವಳು, ಲಂಗ ತೊಟ್ಟ ಅಕ್ಕ, ನಾನು. ಗೊಂಬೆ ಕೂರಿಸುವಾಗ ದೇವರುಗಳ ಕೆಳಗಿನ ಮೆಟ್ಟಿಲು ಇವರದು.

“ಇವೇ ಕೊನೆ ಕಣೋ. ಇನ್ನು ನನ್ ಕೈಲಾಗಲ್ಲ” ಎಂದಿದ್ದಳು.

ನಾನು ಅಷ್ಟಕ್ಕೆ ಸುಮ್ಮನಿರಬಹುದಿತ್ತು. “ಅಪ್ಪನ ಕೆನ್ನೆ ಇಷ್ಟು ಒಳಗೆ ಹೋಗಿರಲಿಲ್ಲ” ಎಂದೆ. ನೆನಪನ್ನು ನಂಬಬಾರದು, ಅದು ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದೂ ಓದಿದ್ದನ್ನು ಒದರಿದೆ.

“ನಿನ್ ಎಂ.ಎಸ್ಸಿ. ನಿನ್ ಹತ್ರಾನೇ ಇಟ್ಕೊ. ಆಗ ನೀನು ಮೂಗು ಸುರಿಸ್ಕೊಂಡು ಓಡಾಡ್ತಿದ್ದೆ.”

ಬಣ್ಣದ ಹೊಳಪು ಮಾತ್ರ ಅವಳಿಗೂ ಹಿಡಿಸಿರಲಿಲ್ಲ. ಬಲ್ಬು ಹಾಕಿದರೆ ಎಲ್ಲರಿಗೂ ಎಣ್ಣೆಸ್ನಾನ ಮಾಡಿಸಿದಂತೆ ಮುಖ ಮಿನುಗಿ, ಅಪ್ಪನ ಕಣ್ಣೇ ಕಾಣುತ್ತಿರಲಿಲ್ಲ. ಹೊಳಪು ಅಡಗಿಸುವ ಮ್ಯಾಟ್ ವಾರ್ನಿಶ್ ಸ್ಪ್ರೇ ತರಿಸಿದ್ದಳು. ಅದರ ಗುಂಡಿ ಒತ್ತಿ ಹಿಡಿಯಲು ಬೆರಳಿಗೆ ಶಕ್ತಿಯಿರಲಿಲ್ಲ. “ಕೊಡು, ಇದು ನನ್ನ ಕಸುಬು” ಎಂದು ಐದನ್ನೂ ಹತ್ತಿಯಲ್ಲಿ ಸುತ್ತಿ ವಿಶಾಖಪಟ್ಟಣಕ್ಕೆ ತಂದೆ.

ಕಸುಬೇನೋ ನಿಜ. ಕಾರ್ಖಾನೆಯಲ್ಲಿ ಉಕ್ಕಿಗೆ ತುಕ್ಕು ಹಿಡಿಯದಂತೆ ಬಣ್ಣ ಹೊಡೆಸುವುದೇ ನನ್ನ ಕೆಲಸ. ಗಾಳಿಯಲ್ಲಿ ತೇವ ಎಷ್ಟಿದೆ ಎಂದು ನೋಡದೆ ಯಾರಾದರೂ ಬಣ್ಣದ ಸ್ಪ್ರೇ ಗನ್ ಎತ್ತಿದರೆ ಬೈಯುವವನು ನಾನೇ. ವಿಶಾಖಪಟ್ಟಣದ ಪೆಂಡುರ್ತಿಯ ನನ್ನ ಮನೆಯ ಬಾಲ್ಕನಿಯಲ್ಲಿ ಆ ಬೆಳಿಗ್ಗೆ ನಾನು ಏನನ್ನೂ ನೋಡಲಿಲ್ಲ. ಮಳೆಯಿರಲಿಲ್ಲ ಎಂದು ನನ್ನ ನೆನಪು. ಆದರೆ ಒಗೆದ ಬಟ್ಟೆ ಒಳಗಿನ ಹಗ್ಗದ ಮೇಲಿದ್ದದ್ದೂ ನೆನಪಿದೆ, ಎರಡೂ ನಿಜವಾಗಿರಲಾರವು. ಸಮುದ್ರದ ಉಪ್ಪುಗಾಳಿಗೆ ಹೆದರಿ ಎಲ್ಲಕ್ಕೂ ದಪ್ಪ ಲೇಪ ಕೊಡುವ ಚಾಳಿ ಬೇರೆ. ಉಸಿರಿನಷ್ಟು ತೆಳುವಾಗಿ ಹೊಡೆಯಬೇಕಿದ್ದಲ್ಲಿ ತೊಲೆಗೆ ಹೊಡೆದಂತೆ ಎರಡು ಸಲ ಹೊಡೆದೆ.

ಕಾಫಿ ಕುಡಿದು ಬರುವಷ್ಟರಲ್ಲಿ ಹಸಿ ವಾರ್ನಿಶ್ ತೇವ ಹೀರಿ, ಐದು ಮುಖಗಳ ಮೇಲೂ ಬಿಳಿ ಪೊರೆ ಕೂತಿತ್ತು. ಅಪ್ಪನಿಗೆ ಕಣ್ಣಿರಲಿಲ್ಲ.

ಮುಂದಿನ ಭಾನುವಾರ ವಿಜಯವಾಡದಲ್ಲಿ ಇಳಿದವನು ಅಕ್ಕನ ಮನೆಗೆ ಹೋಗುವ ಧೈರ್ಯವಿಲ್ಲದೆ ಮೊದಲು ಆಟೋನಗರಕ್ಕೆ ಹೋದೆ. ಕಾರುಗಳಿಗೆ ಬಣ್ಣ ಹೊಡೆಯುವ ಮುದುಕನೊಬ್ಬ ಹೂ ಮಾರುವವಳನ್ನು ಎತ್ತಿಕೊಂಡು, ಥಿನ್ನರಿನಲ್ಲಿ ಅದ್ದಿದ ಹತ್ತಿಯನ್ನು ಅವಳ ಬೆನ್ನಿಗೆ ತಾಕಿಸಿದ. ಬಿಳುಪು ಹೋಯಿತು. ಅದರೊಂದಿಗೆ ಸೀರೆಯ ಕೆಂಪೂ ಹೋಯಿತು.

“ಮುಖಂ ಪೋತುಂದಿ ಸಾರ್” ಎಂದ. ಮುಖವೇ ಹೋಗುತ್ತದೆ. ಆಮೇಲೆ ನಗುತ್ತಾ ಕೇಳಿದ, ಯಾವ ದಡ್ಡ ಹೊಡೆದದ್ದು ಸಾರ್ ಇದನ್ನ? ನಾನು “ಯಾರೋ” ಎಂದೆ.

ಅಕ್ಕ ಬೈದಿದ್ದರೆ ಒಳ್ಳೆಯದಿತ್ತು. ಅಪ್ಪನನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮೊಬೈಲಿನಲ್ಲಿದ್ದ ಗೊಂಬೆಗಳ ಒಂದೇ ಫೋಟೋವನ್ನು ದೊಡ್ಡದು ಮಾಡಿ ನೋಡಿದೆವು. ದೂರದಿಂದ ತೆಗೆದದ್ದು, ಮುಖವಿದ್ದಲ್ಲಿ ಒಂದು ಚುಕ್ಕೆ. ಅವಳು ಎದ್ದು ಹೋಗಿ ಬಣ್ಣ ಕಲಸಿಕೊಂಡು ಬಂದು, ಕುಂಚ ಹಿಡಿದ ಕೈಯನ್ನು ನನ್ನ ಮುಂದೆ ಚಾಚಿದಳು.

“ಅಲ್ಲಾಡದ ಹಾಗೆ ಹಿಡ್ಕೊ. ಪೊರೆ ಮೇಲೇ ಬರೀತೀನಿ. ಕಣ್ಣು ಎಲ್ಲಿಟ್ಟಿದ್ದೆ ನಾನು? ಬರೆದು ಮುಗಿಸಿದ್ಮೇಲೆ ನಂಗೆ ಅದು ಮನಸ್ಸಿಂದ ಹೋಗೇಬಿಡ್ತು. ಅಷ್ಟು ಜಗಳ ಆಡಿದ್ಯಲ್ಲ, ನೀನು ನೋಡಿರ್ತೀಯ. ಹೇಳು.”

ನಾನು ತಪ್ಪು ಹುಡುಕಿದ್ದೆ, ನೋಡಿರಲಿಲ್ಲ. ಕೆನ್ನೆ ಒಳಗೆ ಹೋಗಿತ್ತೆಂಬುದೂ ನನ್ನ ಮಾತಷ್ಟೆ; ಆ ಕೆನ್ನೆ ನನಗೀಗ ನೆನಪಿನಲ್ಲಿ ಕಾಣುತ್ತಿರಲಿಲ್ಲ, ಅಪ್ಪನದೂ ಇಲ್ಲ, ಗೊಂಬೆಯದೂ ಇಲ್ಲ.

“ಹೇಳೋ” ಎಂದಳು ಅಕ್ಕ.

ನನ್ನ ಹಿಡಿತದೊಳಗೆ ಅವಳ ಮಣಿಕಟ್ಟು ನಡುಗುತ್ತಲೇ ಇತ್ತು. ಕುಂಚದ ತುದಿಯ ಬಣ್ಣ ಒಣಗುವವರೆಗೂ ಹಾಗೇ ಹಿಡಿದು ಕೂತಿದ್ದೆ.