ತಾಲೀಮಿನ ಸಣ್ಣ ಬಾಗಿಲು

ಮೊನ್ನೆ ಮಧ್ಯಾಹ್ನ ನನ್ನ ಹೆಂಡತಿ ಹುಳಿ ಬಂದ ಮಜ್ಜಿಗೆಯನ್ನು ಹಿತ್ತಲಿನ ಕರಿಬೇವಿನ ಗಿಡದ ಬುಡಕ್ಕೆ ಸುರಿದಳು. ಹಿಂಡಿ ಉಳಿದ ನಿಂಬೆಸಿಪ್ಪೆಗಳನ್ನೂ ಅಲ್ಲೇ ಒಗೆದಿದ್ದಳು. ಬಿಸಿಲಿಗೆ ಕಾದ ಕೆಂಪು ಮಣ್ಣಿನಿಂದ ಎಲ್ಲ ಕೂಡಿದ ಒಂದು ವಾಸನೆ ಎದ್ದು ಅಡುಗೆಮನೆಯ ಕಿಟಕಿಯವರೆಗೂ ಬಂತು. ಆ ಹೊತ್ತಿಗೆ ನಾನು ಕಿಟಕಿಯ ಒಳಗಡೆ ಚಿವಡಾ ಡಬ್ಬಿಯ ಮುಚ್ಚಳವನ್ನು ಸಪ್ಪಳವಾಗದಂತೆ ತಿರುಗಿಸುತ್ತ ನಿಂತಿದ್ದೆ. ನಾಲ್ಕು ಗಂಟೆಯಾಗಿತ್ತು. ನನಗೆ ಹಸಿವು ಬರುವುದು ನಾಲ್ಕಕ್ಕೇ. ಕಚೇರಿಗೆ ನಾನು ತಡವಾಗಿ ಹೋದದ್ದುಂಟು, ಹಸಿವು ಒಂದು ದಿನವೂ ತಡ ಮಾಡಿಲ್ಲ.

ಕೈ ಅಲ್ಲಿಯೇ ನಿಂತಿತು. ಆ ವಾಸನೆ ನನಗೆ ಗೊತ್ತಿತ್ತು...

ತಾಲೀಮಿನ ವಾಸನೆ ಅದು. ಗರಡಿಮನೆಗೆ ನಮ್ಮ ಕಡೆ ತಾಲೀಮು ಎನ್ನುತ್ತೇವೆ. ಕುಸ್ತಿ ಕಣದ ಮಣ್ಣಿಗೆ ಮಜ್ಜಿಗೆ, ನಿಂಬೆರಸ, ಅರಿಸಿನ, ಎಣ್ಣೆ ಎಲ್ಲ ಬೆರೆಸಿ ಹದ ಮಾಡುತ್ತಾರೆ. ಚಿಕ್ಕೋಡಿಯ ನಮ್ಮ ಗಲ್ಲಿಯ ತಾಲೀಮಿನಲ್ಲಿ ಆ ಹದ ನೋಡುತ್ತಿದ್ದವರು ನಮ್ಮ ಪಕ್ಕದ ಮನೆಯ ವಸ್ತಾದರು. ಕುಸ್ತಿ ಕಲಿಸುವವರನ್ನು ಕರೆಯುವುದೇ ಹಾಗೆ. ಅವರಿಗೂ ಒಂದು ಹೆಸರಿತ್ತು, ಅದು ರೇಷನ್ ಕಾರ್ಡಿನಲ್ಲಿತ್ತು. ಗಲ್ಲಿಯಲ್ಲಿ ಯಾರಿಗೂ ಅದರ ಗರಜು ಬಿದ್ದಿರಲಿಲ್ಲ.

ವಸ್ತಾದರು ಹರೆಯದಲ್ಲಿ ದೊಡ್ಡ ಪೈಲ್ವಾನರಾಗಿದ್ದರಂತೆ. ಅವರದು ತುಂಡು ಹೊಲದ ಮನೆತನ. ಕುಸ್ತಿಯ ಹೊಟ್ಟೆಯನ್ನು ತುಂಬುವ ಶಕ್ತಿ ಆ ಮನೆಗಿರಲಿಲ್ಲ. ಹಾಗಾಗಿ ಗಲ್ಲಿಯೇ ಅವರನ್ನು ಹಂಚಿಕೊಂಡು ಸಾಕಿತ್ತು. ಒಂದು ಮನೆಯಿಂದ ಹಾಲು, ಒಂದು ಮನೆಯಿಂದ ತುಪ್ಪ, ಬಾದಾಮಿ ಅರೆದು ಕೊಡುವುದು ಮತ್ತೊಂದು ಮನೆಯದು. ಇದಕ್ಕೆ ಖುರಾಕು ಎಂದು ಹೆಸರು. ಪೈಲ್ವಾನ ಗೆದ್ದು ಬಂದರೆ ಆ ಮನೆಯವರೆಲ್ಲ ತಾವೇ ಗೆದ್ದ ಹಾಗೆ ಓಡಾಡುತ್ತಿದ್ದರಂತೆ. ಮುಂದೆ ವಯಸ್ಸಾಯಿತು, ಕುಸ್ತಿ ಆಡುವುದು ನಿಂತಿತು. ಆದರೆ ಆ ಸುದ್ದಿಯನ್ನು ಅವರ ಹಸಿವಿಗೆ ಯಾರೂ ಮುಟ್ಟಿಸಲಿಲ್ಲ. ಮಣ್ಣಿನಲ್ಲಿ ಕರಗಬೇಕಾದದ್ದೆಲ್ಲ ಮೈಯಲ್ಲೇ ಉಳಿದು, ನಾನು ಕಾಣುವ ಹೊತ್ತಿಗೆ ಅವರು ನಡೆದು ಬಂದರೆ ಗಲ್ಲಿ ಸ್ವಲ್ಪ ಇಕ್ಕಟ್ಟಾದಂತೆ ಕಾಣುತ್ತಿತ್ತು.

ತಾಲೀಮಿನ ಬಾಗಿಲು ಹಳೆಯ ಕಾಲದ್ದು. ಎತ್ತರ ಎದೆಯ ಮಟ್ಟ, ಅಗಲ ಒಬ್ಬ ಮನುಷ್ಯ ನುಸುಳುವಷ್ಟು, ಸುತ್ತ ಕಲ್ಲಿನ ಚೌಕಟ್ಟು. ಎಂಥ ಪೈಲ್ವಾನನಾದರೂ ಒಳಗೆ ಬರುವಾಗ ತಲೆ ಬಾಗಿಸಿ, ಮೈ ಹಿಡಿ ಮಾಡಿಕೊಂಡು ಬರಲಿ ಎಂದು ಹಿರಿಯರು ಹಾಗೆ ಕಟ್ಟಿದ್ದರು. ಒಂದು ಮುಂಜಾನೆ ವಸ್ತಾದರು ಆ ಬಾಗಿಲಲ್ಲಿ ಸಿಕ್ಕಿಕೊಂಡರು. ಒಳಗಿನ ಹುಡುಗರು ದಬ್ಬಿದರು, ಹೊರಗಿದ್ದವರು ಜಗ್ಗಿದರು. ಯಾರೂ ನಗಲಿಲ್ಲ. ಅದೇ ಅವರಿಗೆ ಹೆಚ್ಚು ನೋವು ಕೊಟ್ಟಿರಬೇಕು. ಅಂದಿನಿಂದ ಅವರು ಹೊರಗಿನ ಕಟ್ಟೆಯ ಮೇಲೆ ಕುಳಿತು, ಬಾಗಿಲ ಸಂದಿಯಿಂದಲೇ ಡಾವು-ಪಟ್ಟುಗಳನ್ನು ಕೂಗಿ ಹೇಳತೊಡಗಿದರು. ಒಳಗಿನ ಮಣ್ಣನ್ನು ಮುಟ್ಟುವುದು ತಪ್ಪಿತು.

ಚೌಕಟ್ಟು ಒಡೆದು ಬಾಗಿಲು ಅಗಲ ಮಾಡೋಣ ಎಂದು ಹುಡುಗರು ಪ್ರೀತಿಯಿಂದಲೇ ಹೇಳಿದರು. ವಸ್ತಾದರು ಕೇಳಲಿಲ್ಲ.

“ಬಾಗಲಾ ದೊಡ್ಡದಾಗೂದು ಬ್ಯಾಡ್ರೋ. ನಾ ಸಣ್ಣಾಗಬೇಕು.”

ಮಿರಜಿನ ಡಾಕ್ಟರೂ ಅದನ್ನೇ ಹೇಳಿ ಕಳಿಸಿದ್ದರು: ಮೊಣಕಾಲು ಉಳಿಯಬೇಕಾದರೆ ತೂಕ ಇಳಿಯಲೇಬೇಕು. ಅದೇ ಹೊತ್ತಿಗೆ ನನ್ನ ರಕ್ತದ ರಿಪೋರ್ಟೂ ಬಂದಿತ್ತು. ನಾನಾದರೋ ರಿಪೋರ್ಟು ಬರುವ ಮೊದಲೇ ಚಿಂತೆ ಶುರು ಮಾಡುವ ಮನುಷ್ಯ. ಕುಳಿತಲ್ಲಿ ಅಂಗಿಯ ಗುಂಡಿ ಸಿಡಿದು ಎದುರಿಗೆ ಅರ್ಜಿ ಹಿಡಿದು ನಿಂತವನ ಕಣ್ಣಿಗೆ ಬಡಿದರೆ ಯಾವ ಕೇಸು ಆದೀತು ಎಂದು ಕಚೇರಿಯಲ್ಲಿ ಯೋಚಿಸಿದ್ದೇನೆ. ಹೆಂಡತಿ ನನ್ನ ಸಕ್ಕರೆಯ ಸುದ್ದಿಯನ್ನು ಕಾಂಪೌಂಡ್ ಗೋಡೆಯ ಮೇಲಿಂದ ಆಚೆ ದಾಟಿಸಿದಳು. ಮರುದಿನ ನಸುಕಿನಲ್ಲಿ ವಸ್ತಾದರು ನಮ್ಮ ಮನೆ ಮುಂದೆ ನಿಂತಿದ್ದರು.

“ನಡಿ ತಮ್ಮಾ. ನಿನಗೂ ಹೇಳ್ಯಾರಂತ, ನನಗೂ ಹೇಳ್ಯಾರ. ಒಬ್ಬಾಂವ ಸಾಮು ಮಾಡಬಾರದು, ಜೋಡಿ ಬೇಕು.”

ಹೀಗೆ ಇಬ್ಬರೂ ನಿಪ್ಪಾಣಿ ರಸ್ತೆಯ ಕಡೆಗೆ ನಡೆಯಲು ಶುರು ಮಾಡಿದೆವು. ಕಷ್ಟ ನಡಿಗೆಯಲ್ಲಿರಲಿಲ್ಲ, ಗಲ್ಲಿಯ ಮೂಲೆಯ ಮನೆಯಲ್ಲಿತ್ತು. ಅಲ್ಲಿ ಒಂದು ಎಮ್ಮೆ ಕಟ್ಟಿಕೊಂಡು ಒಬ್ಬ ಮುದುಕಿ ಇದ್ದಳು. ಎಲ್ಲರಿಗೂ ಆಕೆ ಆಯಿ. ಖುರಾಕು ಕೊಡುತ್ತಿದ್ದ ಮನೆಗಳೆಲ್ಲ ಒಂದೊಂದಾಗಿ ಕೈ ಬಿಟ್ಟರೂ ಆಯಿ ಮಾತ್ರ ಬಿಟ್ಟಿರಲಿಲ್ಲ. ದಿನಾ ಮುಂಜಾನೆ ಹಿತ್ತಾಳೆಯ ತಂಬಿಗೆಯಲ್ಲಿ ಆಗ ತಾನೆ ಹಿಂಡಿದ ಹಾಲು ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದಳು.

“ಆಯಿ, ಡಾಕ್ಟರು ಬ್ಯಾಡ ಅಂದಾರ,” ಎಂದು ವಸ್ತಾದರು ಮೊದಲ ದಿನ ಹೇಳಿ ನೋಡಿದರು.

“ನಮ್ಮತ್ತಿ ಸಾಯೂ ಮುಂದ ಹೇಳ್ಯಾಳ, ಪೈಲವಾನನ ಹಾಲ ತಪ್ಪಸಬ್ಯಾಡ ಅಂತ. ನಿನ್ನ ಡಾಕ್ಟರ ನಮ್ಮತ್ತಿಗಿಂತ ಶ್ಯಾಣ್ಯಾ ಅದಾನೇನು?”

ಇದಕ್ಕೆ ಮಿರಜಿನಲ್ಲೂ ಉತ್ತರ ಇರಲಿಕ್ಕಿಲ್ಲ. ವಸ್ತಾದರು ತಂಬಿಗೆ ತೆಗೆದುಕೊಂಡು, ಎಮ್ಮೆಯ ಮೈದಡವುವ ನೆಪದಲ್ಲಿ ಆಚೆ ಸರಿದು, ನನ್ನ ಕೈಗೆ ಕೊಟ್ಟರು. “ಕುಡಿ, ಲಗೂ ಕುಡಿ. ಆಯಿ ನೋಡ್ಯಾಳು.” ನಾನು ಗಟಗಟ ಕುಡಿದೆ. ಮರುದಿನವೂ ಕುಡಿದೆ. ಹಿರಿಯರ ಮಾತು ತೆಗೆದುಹಾಕುವುದು ಹೇಗೆ? ಹೀಗಾಗಿ ವಸ್ತಾದರ ಮೈ ಇಳಿಯತೊಡಗಿತು, ನನ್ನದು ಏರತೊಡಗಿತು. ದಿನಾ ಇಷ್ಟು ದೂರ ನಡೆದೂ ಗಂಡ ಉಬ್ಬುತ್ತಿದ್ದಾನೆಂದರೆ ಇದು ಯಾವ ರೋಗವೋ ಎಂದು ನನ್ನ ಹೆಂಡತಿ ಮನೆದೇವರಿಗೆ ಹರಕೆ ಹೊತ್ತಳು.

ನಡೆಯುವಾಗ ಒಮ್ಮೆ ನಾನು ನಾಲ್ಕು ಗಂಟೆಯ ಸಂಕಟವನ್ನು ಹೇಳಿಕೊಂಡೆ. ಹೊಟ್ಟೆಯಲ್ಲಿ ಯಾರೋ ಕೈ ಹಾಕಿ ಹಿಂಡಿದ ಹಾಗಾಗುತ್ತದೆ, ಕಚೇರಿಯ ಎದುರಿನ ಗಾಡಿಯಲ್ಲಿ ಭಜಿ ಎಣ್ಣೆಗೆ ಬಿದ್ದ ಸಪ್ಪಳ ಒಳಗಿನವರೆಗೂ ಕೇಳಿಸುತ್ತದೆ, ನಿಶ್ಚಯವೆಲ್ಲ ಹಾರಿಹೋಗುತ್ತದೆ ಎಂದೆ. ವಸ್ತಾದರು ನಡೆಯುವುದನ್ನು ನಿಲ್ಲಿಸಿದರು.

“ಹಸಿವಿ ಬಂತಂದ್ರ ಗಾಬರಿ ಆಗಬ್ಯಾಡ. ಕುಸ್ತಿ ಹಿಡ್ಯಾಕ ಜೋಡಿ ಬಂದಾನ ಅಂತ ತಿಳಕೋ. ಬಂದ ಕೂಡ್ಲೆ ಭಾಳ ಜೋರ್ ಮಾಡ್ತಾನ ಅಂವಾ. ನೀ ಎತ್ತಿ ಒಗ್ಯಾಕ ಹೋಗಬ್ಯಾಡ, ನಿನ್ನ ಬೆನ್ನ ಮಣ್ಣಿಗಿ ಹಚ್ಚಬ್ಯಾಡ, ಅಷ್ಟ. ಅಂವಗೂ ದಮ್ಮ ಹತ್ತತೈತಿ.”

“ಆಮ್ಯಾಲ ರೀ?”

“ಆಮ್ಯಾಲ ಏನೈತಿ. ಬರಾಬರಿ. ನಾಳಿಗಿ ಮತ್ತ ಬರ್ತಾನ.”

ಗೆಲ್ಲಬೇಕಾಗಿಲ್ಲ, ಸೋಲದೆ ಉಳಿದರೆ ಸಾಕು ಎಂಬುದು ನನಗೆ ಹೊಸದು. ಅಲ್ಲಿಯವರೆಗೆ ಓದಿದ್ದೆಲ್ಲ ಹಸಿವನ್ನು ಗೆಲ್ಲಿರಿ ಎಂದೇ ಹೇಳಿತ್ತು. ಗೆಲ್ಲುವುದು ನನ್ನ ಜಾತಕದಲ್ಲಿ ಇಲ್ಲವೆಂದು ನಾನು ಮೊದಲೇ ತಿಳಿದವನು. ಬರಾಬರಿ ಆಗಬಹುದೇನೋ ಅನ್ನಿಸಿತು. ದಿನಾ ಸಂಜೆ ಕಾಂಪೌಂಡ್ ಗೋಡೆಯ ಹತ್ತಿರ ನಮ್ಮ ಮಾತು ಒಂದೇ. “ಏನಾತ ತಮ್ಮಾ?” “ಬರಾಬರಿ ರೀ ವಸ್ತಾದ್ರ.” “ನಂದೂ.”

ಒಂದು ಸಂಜೆ ಹಾಗೆ ಹೇಳಿ ಒಳಗೆ ಬಂದವನು, ಸೈಕಲ್ಲಿಗೆ ಗಾಳಿ ತುಂಬಿಸಿ ಬರುತ್ತೇನೆಂದು ಬಸ್ ಸ್ಟ್ಯಾಂಡಿನ ಕಡೆ ಹೋದೆ. ಅಲ್ಲಿಯ ಭಜಿ ಗಾಡಿಯ ಹಿಂದೆ, ದೀಪದ ಬೆಳಕು ಬೀಳದ ಕಡೆ ನಿಲ್ಲುವುದು ನನ್ನ ರೂಢಿ. ಆ ಜಾಗದಲ್ಲಿ ಆಗಲೇ ಒಂದು ದೊಡ್ಡ ಬೆನ್ನು ಇತ್ತು. ಕೈಯಲ್ಲಿ ಮಿರ್ಚಿ ಭಜಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

“ಗಾಳಿ ತುಂಬಸಾಕ ಬಂದಿದ್ದೆ,” ಎಂದೆ.

“ಕಾಣತೈತಿ ಬಿಡು,” ಎಂದರು ವಸ್ತಾದರು. ಆಮೇಲೆ ತಮ್ಮ ಕಾಗದದಲ್ಲಿದ್ದದ್ದನ್ನು ನನ್ನ ಮುಂದೆ ಹಿಡಿದರು. “ತಗೋ. ಇವತ್ತ ಇಬ್ಬರೂ ಚಿತ್.” ಅಷ್ಟು ರುಚಿಯ ಭಜಿಯನ್ನು ಮತ್ತೆ ತಿಂದ ನೆನಪಿಲ್ಲ.

ಅವರು ತೂಕದ ಯಂತ್ರ ಹತ್ತುತ್ತಿರಲಿಲ್ಲ. ಅವರ ತಕ್ಕಡಿ ತಾಲೀಮಿನ ಬಾಗಿಲೇ. ಸೋಮವಾರಕ್ಕೊಮ್ಮೆ ಅದರ ಮುಂದೆ ಹೋಗಿ, ಹೊಸ್ತಿಲು ಮುಟ್ಟಿ ನಮಸ್ಕರಿಸಿ, ತಲೆ ಬಾಗಿಸಿ ಅಡ್ಡ ತಿರುಗಿ ನೋಡುತ್ತಿದ್ದರು. ಮೊದಮೊದಲು ಹೊಟ್ಟೆಯೇ ಮುಂದೆ ಹೋಗಿ ಅಡ್ಡ ನಿಲ್ಲುತ್ತಿತ್ತು. ನಂತರ ಹೊಟ್ಟೆ ಹೋಯಿತು, ಎದೆ ಉಳಿಯಿತು. “ಈ ಸಲ ಗುಂಡಿ ಹರೀಲಿಲ್ಲ” ಎಂಬುದೇ ಒಂದು ವಾರದ ಸಂತೋಷ. ಬಾಗಿಲಿಂದ ಹಿಂದೆ ಸರಿಯುವಾಗ ಒಳಗಿನ ಮಣ್ಣಿನ ವಾಸನೆಯನ್ನು ಒಮ್ಮೆ ಎಳೆದುಕೊಂಡು ಬರುತ್ತಿದ್ದರು. ಹಸಿದವನು ಹೋಟೆಲಿನ ಮುಂದೆ ನಿಲ್ಲುವುದಿಲ್ಲವೇ, ಹಾಗೆ...

ಚಳಿ ಬಿದ್ದ ಮೇಲೆ ಅವರ ಮೈ ಬೇಗ ಬೇಗ ಇಳಿಯತೊಡಗಿತು. ಗಲ್ಲಿಯಲ್ಲಿ ಎಲ್ಲರದೂ ಹೊಗಳಿಕೆ. ನನ್ನ ಹೆಂಡತಿ ಊಟಕ್ಕೆ ಬಡಿಸುವಾಗಲೆಲ್ಲ, “ವಸ್ತಾದರನ್ನ ನೋಡ್ರಿ, ಹೆಂಗ ಆಗ್ಯಾರ. ನೀವೂ ಅದೀರಿ” ಎನ್ನುತ್ತಿದ್ದಳು. ನನಗೆ ಹೊಟ್ಟೆಕಿಚ್ಚು. ಲೋಕದಲ್ಲಿರುವ ಎಲ್ಲದರ ಚಿಂತೆ ಮಾಡುವ ನಾನು, ಚಿಂತೆ ಮಾಡಬೇಕಾಗಿದ್ದ ಆ ಒಂದನ್ನು ಕಂಡು ಕರುಬುತ್ತ ಕುಳಿತಿದ್ದೆ.

ಒಂದು ಸೋಮವಾರ ಅವರು ಬಾಗಿಲಿನ ಒಳಗೆ ಹೋದರು. ತಲೆ ಬಾಗಿಸಿದರು, ಅಡ್ಡ ತಿರುಗಿದರು, ಚೌಕಟ್ಟಿಗೆ ಎಲ್ಲೂ ತಾಗದೆ ಆಚೆ ನಿಂತಿದ್ದರು. ಹುಡುಗರು ಹೋ ಎಂದು ಕೂಗಿ ಪೇಢೆ ತರಲು ಓಡಿದರು. ನಾನೂ ಅವರ ಹಿಂದೆ ನುಸುಳಿದೆ. ಹೇಗೆ ನುಸುಳಿದೆ ಎಂಬ ವಿವರ ಬೇಡ. ವಸ್ತಾದರು ಮಣ್ಣಿನಲ್ಲಿ ಕುಳಿತಿದ್ದರು. ಎರಡೂ ಕೈಯಲ್ಲಿ ಮಣ್ಣು ತೆಗೆದುಕೊಂಡು ತೋಳಿಗೆ, ಮೊಣಕಾಲಿಗೆ ಹಚ್ಚಿಕೊಳ್ಳುತ್ತಿದ್ದರು. ಪೇಢೆ ಬಂತು. ಅವರು ತಮ್ಮ ಪಾಲಿನದನ್ನು ನನ್ನ ಅಂಗೈಗೆ ಹಾಕಿದರು.

“ಇವತ್ತರ ತಿನ್ರಿ ವಸ್ತಾದ್ರ. ಗೆದ್ದೀರಿ.”

ಅವರು ನನ್ನ ಕಡೆ ಬಾಗಿ, ಹುಡುಗರಿಗೆ ಕೇಳದಂತೆ ಹೇಳಿದರು. “ಗೆದ್ದಿಲ್ಲೋ ತಮ್ಮಾ. ಅಂವಾ ಬರೂದ ಬಿಟ್ಟಾನ. ಭಾಳ ದಿನಾ ಆತು... ಹಸಿವೀನ ಬಂದಿಲ್ಲ. ಜೋಡೀನ ಬರದಿದ್ರ ಕುಸ್ತಿ ಹೆಂಗ?”

ಮತ್ತೆ ಮಿರಜಿಗೆ ಹೋದೆವು. ಹೊಟ್ಟೆಯಲ್ಲಿ ಏನೋ ಬೆಳೆದಿದೆ, ತಡವಾಗಿದೆ ಎಂದರು. ಮನೆಗೆ ಬಂದ ಮೇಲೆ ವಸ್ತಾದರ ಮಂಚವನ್ನು ಕಿಟಕಿಯ ಹತ್ತಿರ ಹಾಕಿದ್ದರು. ಅವರ ಸೊಸೆ ಗಂಜಿ, ಹಣ್ಣಿನ ರಸ, ಮಾಂಸದ ಸಾರು ಎಂದು ಏನೇನೋ ಮಾಡಿ ತರುತ್ತಿದ್ದಳು. ಒಂದು ಚಮಚ ಇಳಿದರೆ ದೊಡ್ಡದು. ಅರ್ಧ ಗಲ್ಲಿಯ ಖುರಾಕು ತಿಂದು ಅರಗಿಸಿದ ಹೊಟ್ಟೆ ಅದು...

ನಾನು ಕಚೇರಿಯಿಂದ ಸ್ವಲ್ಪ ಮೊದಲೇ ಎದ್ದು ಅವರ ಹತ್ತಿರ ಹೋಗಿ ಕೂಡುತ್ತಿದ್ದೆ. ಒಂದು ದಿನ ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. “ನಾಲ್ಕ ಆತೇನ?”

“ಆತ ರೀ.”

“ಬಂದಾನೇನ ನಿನ್ನ ಜೋಡಿ?”

“ಬಂದಾನ.”

“ಹೆಂಗದಾನ? ಹೇಳು.”

ಏನು ಹೇಳುವುದು? ಹೇಳಿದೆ. ಎದೆಗುಂಡಿಗೆಯ ಕೆಳಗೆ ಮೊದಲು ಸಣ್ಣಗೆ ಜಗ್ಗುತ್ತದೆ, ಆಮೇಲೆ ಒಳಗೆ ಸಪ್ಪಳ ಮಾಡುತ್ತದೆ, ಬಾಯಲ್ಲಿ ನೀರು ಬರುತ್ತದೆ, ಶೇಂಗಾ ಚಟ್ನಿ ಹಚ್ಚಿದ ಬಿಸಿ ರೊಟ್ಟಿ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಕುಸ್ತಿ ನೋಡಲು ಹೋಗಲಾರದವನು ನೋಡಿ ಬಂದವನ ಬಾಯಿಂದ ಕೇಳುವ ಹಾಗೆ ಅವರು ಕೇಳಿದರು. ನಡುವೆ ಒಮ್ಮೆ “ಹಾಂ, ಹಾಂ, ಹಂಗ ಜಗ್ಗತಾನ ಅಂವಾ” ಎಂದು ನಕ್ಕರು. ಅಂದಿನಿಂದ ದಿನಾ ಕೇಳುತ್ತಿದ್ದರು, ದಿನಾ ಹೇಳುತ್ತಿದ್ದೆ. ನನ್ನ ಹಸಿವಿನಿಂದ ಇನ್ನೊಬ್ಬರಿಗೆ ಉಪಯೋಗವಾದದ್ದು ಆ ದಿನಗಳಲ್ಲಿ ಮಾತ್ರ.

ಕೊನೆಯ ಸಲ ಅವರು ಹೇಳಿದ್ದು ಇಷ್ಟೇ. “ಬಂದ್ರ ಬೈಬ್ಯಾಡ ಅಂವಗ. ಬರಾಕತ್ತಾನಲ್ಲ, ಬರ್ಲಿ.”

ಅವರು ಹೋದ ಮರುದಿನ ಮುಂಜಾನೆ ನಾನು ಒಬ್ಬನೇ ಹೊರಟೆ. ಮನೆಯಲ್ಲಿ ಕೂಡಲು ಆಗಲಿಲ್ಲ. ಮೂಲೆಯಲ್ಲಿ ಆಯಿ ತಂಬಿಗೆ ಹಿಡಿದು ನಿಂತಿದ್ದಳು.

“ತಗೋ,” ಎಂದಳು. “ಇಷ್ಟ ದಿನಾ ಕುಡದಾಂವ ನೀನ ಅಲ್ಲೇನ. ನನಗೇನ ಕಣ್ಣಿಲ್ಲಂತ ತಿಳದಿದ್ರೇನ ಇಬ್ಬರೂ?”

ಈಗ ಆಯಿಯೂ ಇಲ್ಲ, ಎಮ್ಮೆಯೂ ಇಲ್ಲ. ತಾಲೀಮಿನಲ್ಲಿ ಹುಡುಗರು ಮ್ಯಾಟಿನ ಮೇಲೆ ಆಡುತ್ತಾರೆ. ಮಣ್ಣನ್ನು ಒಂದು ಬದಿಗೆ ಗುಡ್ಡೆ ಹಾಕಿದ್ದಾರೆ. ಆ ಬಾಗಿಲನ್ನು ಮಾತ್ರ ಯಾರೂ ಒಡೆದಿಲ್ಲ. ನಾನು ಕೆಲವು ಕಿಲೋ ಇಳಿದಿದ್ದೇನೆ, ಕೆಲವು ಮತ್ತೆ ಏರಿದ್ದೇನೆ. ಚಿಂತೆಗಳು ಮೊದಲಿನಷ್ಟೇ ತೂಗುತ್ತವೆ.

ಮೊನ್ನೆ ಡಬ್ಬಿಯ ಮುಚ್ಚಳವನ್ನು ತಿರುಗಿ ಬಿಗಿ ಮಾಡಿ ಹಿತ್ತಲಿಗೆ ಹೋದೆ. ಗಿಡದ ಬುಡದ ಹಸಿ ಮಣ್ಣು ತೆಗೆದು ಎರಡೂ ಅಂಗೈಗೆ ತಿಕ್ಕಿಕೊಂಡೆ. ಹೊಟ್ಟೆಯಲ್ಲಿ ಅವನು ಬಂದು ಜಗ್ಗುತ್ತಿದ್ದ.

“ಏನ್ರೀ ಅದು, ಕೈಯೆಲ್ಲಾ ಮಣ್ಣ ಮಾಡ್ಕೊಂಡು?” ಎಂದಳು ಹೆಂಡತಿ.

“ಏನಿಲ್ಲ. ತುಸು ಹಸಿವಿ ಆಗೈತಿ.”

“ತಿನ್ನಾಕ ಕೊಡ್ಲೇನು?”

“ಬ್ಯಾಡ. ಇರಲಿ.”

ಕತ್ತಲಾಗುವ ಹೊತ್ತಿಗೆ ಅವನು ಸುಸ್ತಾಗಿ ಹೊರಟುಹೋದ. ರೂಢಿಯ ಕಾಲು ನನ್ನನ್ನು ಕಾಂಪೌಂಡ್ ಗೋಡೆಯ ಹತ್ತಿರ ಒಯ್ದು ನಿಲ್ಲಿಸಿತು. ಆಚೆ ಹಗ್ಗದ ಮೇಲೆ ಬಟ್ಟೆಗಳು ಒಣಗುತ್ತಿದ್ದವು. ಏನಾತ ತಮ್ಮಾ ಎಂದು ಕೇಳುವವರು ಅಲ್ಲಿರಲಿಲ್ಲ... ಸ್ವಲ್ಪ ಹೊತ್ತು ನಿಂತು, ಕೈ ತೊಳೆಯದೆ ಒಳಗೆ ಬಂದೆ.