ಡಾಕ್ಟರಮ್ಮನ ಕಣ್ಣು ಸರಿಯಾಗಿಯೇ ಇತ್ತು

ಡಾಕ್ಟರಮ್ಮನ ಬಲಗೈ ಹೆಬ್ಬೆರಳಿನ ಉಗುರು ಸದಾ ನೇರಳೆ ಬಣ್ಣಕ್ಕಿರುತ್ತಿತ್ತು. ತಪಾಸಣೆಯಾದ ಮಾಂಸದ ಮೇಲೆ ಒತ್ತುವ ಮುದ್ರೆಯ ಶಾಯಿ ಅದು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಅವರು ಪಶುವೈದ್ಯೆ. ನಾನು ಸಿದ್ಧಾರ್ಥನಗರದ ಹತ್ತಿರ ಹಂದಿ ಮಾಂಸದ ಅಂಗಡಿ ಇಟ್ಟಿದ್ದವನು. ಬೆಳಿಗ್ಗೆ ಅವರು ಕಸಾಯಿಖಾನೆಗೆ ಬಂದು ನೋಡಿ ಮುದ್ರೆ ಒತ್ತಿದ ಮೇಲೆಯೇ ಮಾಂಸ ಅಂಗಡಿಗೆ ಹೋಗಬೇಕು.

ಅವರು ಮಾಂಸ ತಿನ್ನುವವರಲ್ಲ. ನಾವು ಅಂಗಡಿಯವರು ಅದನ್ನೇ ಹಿಡಿದು ಗೊಣಗಿದ್ದು ಒಮ್ಮೆ ಅವರ ಕಿವಿಗೆ ಬಿತ್ತು. "ನಾನ್ ತಿನ್ನಲ್ಲ, ತಿನ್ನೋರು ನಮ್ಮೋರೇ ಕಣ್ರೀ" ಎಂದರು. ಹಂದಿಯ ನಾಲಿಗೆ ಎಳೆದು ಅಡಿಭಾಗ ಸವರುವರು. ದವಡೆ, ಹೃದಯ ಸೀಳಿ ನೋಡುವರು. ಅಕ್ಕಿಕಾಳಿನಂಥ ಬಿಳಿ ಗುಳ್ಳೆ ಸಿಕ್ಕರೆ ಇಡೀ ಹಂದಿ ಗುಂಡಿಗೆ. ಯಾರೂ ಎತ್ತಿಕೊಳ್ಳದಂತೆ ಅದರ ಮೇಲೆ ಫಿನಾಯಿಲ್ ಸುರಿಯುವವರೆಗೆ ಕದಲುತ್ತಿರಲಿಲ್ಲ.

"ಬೇಯ್ಸುದ್ರೆ ಹುಳ ಸತ್ತೋಯ್ತದೆ ಬುಡಿ ಅಮ್ಮಾ" ಎಂದಿದ್ದೆ ಒಂದು ಸಲ.

"ಎಲ್ರೂ ನಿಮ್ಮನೇಲಿ ಬೇಯಿಸಿದ ಹಾಗೇ ಬೇಯಿಸ್ತಾರೇನ್ರೀ? ಅರೆಬೆಂದಿದ್ದು ತಿಂದೋರ ಹೊಟ್ಟೇಲಿ ಲಾಡಿಹುಳ ಆಗುತ್ತೆ. ಅದರ ಮೊಟ್ಟೆ ಅವರ ಕೈಯಿಂದ ಮನೆಯೋರ ಬಾಯಿಗೆ ಹೋದ್ರೆ, ಮಿದುಳಲ್ಲಿ ಗುಳ್ಳೆ ಕಟ್ಟುತ್ತೆ. ಫಿಟ್ಸ್ ಬರುತ್ತೆ. ಹಂದಿ ಮಾಂಸ ಮುಟ್ಟದ ಮಗೂಗೂ ಬರಬಹುದು."

ಇಷ್ಟು ತಿಳಿದೂ ನಾನು ಆ ಕೆಲಸ ಮಾಡಿದೆ.

ಒಂದು ಭಾನುವಾರ ಬೀಗರೂಟಕ್ಕೆ ಮಾಂಸ ಒಪ್ಪಿಕೊಂಡಿದ್ದೆ. ಮೂರು ಹಂದಿ ಕಡಿದಿದ್ದೆ. ಒಂದರ ನಾಲಿಗೆಯ ಕೆಳಗೆ ಗುಳ್ಳೆ ಕೈಗೆ ಸಿಕ್ಕಿತು. ಅದರ ತಲೆ, ಹೃದಯಗಳನ್ನು ಬಚ್ಚಿಟ್ಟೆ. ಚೆನ್ನಾಗಿದ್ದ ಇನ್ನೊಂದು ಹಂದಿಯ ಒಡಲನ್ನು ಮರೆಮಾಡಿ, ಅದರ ತಲೆಯನ್ನೂ ಹೃದಯವನ್ನೂ ಗುಳ್ಳೆಯಿದ್ದ ಹಂದಿಯ ಮಾಂಸದ ಪಕ್ಕ ಇಟ್ಟೆ; ಕಡಿದದ್ದು ಎರಡೇ ಎಂದೆ. ಡಾಕ್ಟರಮ್ಮ ಎಲ್ಲವನ್ನೂ ಸೀಳಿ ನೋಡಿದರು. ಭುಜದಲ್ಲಿ ಹಾಕಿದ ಒಂದು ಸೀಳಿನಲ್ಲೂ ಏನೂ ಕಾಣಲಿಲ್ಲ. ಮುದ್ರೆ ಒತ್ತಿದರು.

ಬೀಗರೂಟದಲ್ಲಿ ಮೊದಲ ಪಂಕ್ತಿ ಎದ್ದ ಮೇಲೆ ಅಡುಗೆಯವನು ಉಳಿದ ಮಾಂಸ ತೊಳೆಯುವಾಗ ಗುಳ್ಳೆ ನೋಡಿದ. ಚರ್ಮದ ಮೇಲೆ ಮುದ್ರೆಯೂ ಇತ್ತು. ಗಲಾಟೆ ಪಾಲಿಕೆ ಕಚೇರಿಯವರೆಗೆ ಹೋಯಿತು. ಕೇಳಿದವರಿಗೆ ಡಾಕ್ಟರಮ್ಮ, "ಮುದ್ರೆ ನನ್ನದು, ನಾನು ನೋಡಿದ್ದು ಸಾಲದು" ಎಂದಷ್ಟೇ ಹೇಳಿದರು. ಆಮೇಲೆ ಮೊದಲ ಪಂಕ್ತಿಯಲ್ಲಿ ಉಂಡವರ ಮನೆಮನೆಗೆ ಹೋಗಿ, ಎರಡು ಮೂರು ತಿಂಗಳು ಬಿಟ್ಟು ಮಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಬೇಡಿಕೊಂಡರು. ದಾರಿ ತೋರಿಸಲು ಜೊತೆಗೆ ಹೋದವನು ನಾನೇ. ಒಬ್ಬಾಕೆ, "ಊಟ ಹಾಕಿದೋರೇ ಸುಮ್ಕವ್ರೆ, ನಿಮ್ದೇನಮ್ಮ?" ಎಂದು ಬಾಗಿಲು ಹಾಕಿಕೊಂಡಳು.

ಹಿಂದಿರುಗುವಾಗ ಅವರೆಂದರು: "ಎಲ್ಲಿ ತಪ್ಪಿದೆನೋ ಗೊತ್ತಾಗ್ತಿಲ್ಲ ಕಣ್ರೀ. ಕಣ್ಣು ಮಂಜಾಗಿರಬೇಕು."

ನಾನು ಹೌದೆಂಬಂತೆ ತಲೆಯಾಡಿಸಿದೆ.

ಅವರು ಹೊಸ ಕನ್ನಡಕ ಮಾಡಿಸಿಕೊಂಡರು. ಆದರೂ ಒಂದೇ ನಾಲಿಗೆಯನ್ನು ಮೂರು ಮೂರು ಸಲ ನೋಡುವರು. ಮುದ್ರೆ ಎತ್ತಿದ ಕೈ ತಡೆದು ನಿಲ್ಲುವುದು. ವರ್ಷ ತುಂಬುವುದರೊಳಗೆ, ಕಣ್ಣು ನಂಬುವ ಹಾಗಿಲ್ಲವೆಂದು ಬರೆದುಕೊಟ್ಟು ಕಚೇರಿ ಕೆಲಸ ಕೇಳಿಕೊಂಡು ಹೋದರು.

ಈ ವರ್ಷ ಅವರು ಹಾಸಿಗೆ ಹಿಡಿದರೆಂದು ತಿಳಿದು ಕೃಷ್ಣಮೂರ್ತಿಪುರಂನ ಮನೆಗೆ ಹೋದೆ. ತಲೆ ಬದಲಿಸಿದ್ದನ್ನು ಹೇಳಿದೆ.

"ಹಾಗಾದ್ರೆ ನನ್ನ ಕಣ್ಣು ಸರಿಯಾಗೇ ಇತ್ತು."

"ಇತ್ತು ಅಮ್ಮಾ."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ಆ ಹಂದಿ ಪೂರ್ತಿ ಬೀಗರೂಟಕ್ಕೇ ಹೋಯ್ತೇನ್ರೀ?" ಎಂದು ಕೇಳಿದರು.

ಹೋಗಿರಲಿಲ್ಲ. ಅರ್ಧವನ್ನು ಅದೇ ಬೆಳಿಗ್ಗೆ ಅಂಗಡಿಯಲ್ಲಿ ಮಾರಿದ್ದೆ. ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ ಬಸ್ಸಿಳಿದವರು ಕೊಂಡಿದ್ದರು.

"ಯಾರ್ ಯಾರಿಗೆ ಕೊಟ್ರಿ? ನೆನಪು ಮಾಡ್ಕೊಳಿ" ಎಂದು ಏಳಲು ನೋಡಿದರು. ಮಗಳು ಬಂದು ಮಲಗಿಸಿದಳು.

ಅದಾದ ಹನ್ನೊಂದನೆಯ ದಿನ ಅವರು ತೀರಿಕೊಂಡರು. ನಾನು ಇನ್ನೂ ನೆನಪು ಮಾಡಿಕೊಳ್ಳುತ್ತಿದ್ದೇನೆ. ಒಂದು ಮುಖವೂ ಬರುತ್ತಿಲ್ಲ.